ಐದೂವರೆಗೆ ಬಂದ ಬೀಗರು

ಸಂತಾಪ ಸಭೆಯಲ್ಲಿ ಜನ ಹೊಟ್ಟೆ ಹಿಡಿದುಕೊಂಡು ನಗುವ ಹಾಗೆ ಮಾಡಿದವಳು ನಾನು. ಖಾನಾಪುರದ ಒಂದು ಶಾಲೆಯ ಸಭಾಂಗಣದಲ್ಲಿ, ಹಾರ ಹಾಕಿದ ಫೋಟೋದ ಪಕ್ಕದಲ್ಲೇ ನಿಂತು, ಮೈಕು ಹಿಡಿದು, ತೀರಿಕೊಂಡವರ ಮಾತನ್ನು ಅವರದೇ ದನಿಯಲ್ಲಿ ಆಡಿ ತೋರಿಸಿದೆ. ಚಪ್ಪಾಳೆಯೂ ಬಿತ್ತು. ಸಂತಾಪ ಸಭೆಯಲ್ಲಿ ಚಪ್ಪಾಳೆ ಗಿಟ್ಟಿಸಿದೆನಲ್ಲ ಎಂದು ಆ ಹತ್ತು ನಿಮಿಷ ಒಳಗೊಳಗೇ ಹಿಗ್ಗಿದ್ದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಮೇಲೆ ಹೇಳೋಣ ಎಂದು ಬಿಟ್ಟರೆ ಅಷ್ಟರೊಳಗೆ ಕಥೆಯನ್ನು ನನ್ನ ಕಡೆಗೆ ವಾಲಿಸಿಕೊಳ್ಳುವ ಬುದ್ಧಿ ನನ್ನದು.

ನನ್ನ ಬಾಯಿ ಮೊದಲಿನಿಂದಲೂ ಚುರುಕು. ಬೆಳಗಾವಿಯ ಹೈಸ್ಕೂಲೊಂದರಲ್ಲಿ ಸಮಾಜ ಪಾಠ ಹೇಳುತ್ತಿದ್ದೆ. ಬೀಳ್ಕೊಡುಗೆ ಇರಲಿ, ಸತ್ಕಾರ ಇರಲಿ, ನೆಂಟರ ಮನೆಯ ತೊಟ್ಟಿಲು ಕಾರ್ಯ ಇರಲಿ, ‘ಅಕ್ಕೋರ, ಎರಡ ಮಾತ ಆಡ್ರಿ’ ಎಂದು ನನ್ನನ್ನೇ ಎಬ್ಬಿಸುತ್ತಿದ್ದರು. ಎರಡು ಮಾತು ಅಂದರೆ ನನಗೆ ಇಪ್ಪತ್ತು. ಯಾರ ನಡಿಗೆ ಹೇಗೆ, ಯಾರು ಕೆಮ್ಮುವುದು ಹೇಗೆ, ಎಲ್ಲವನ್ನೂ ಮಾಡಿ ತೋರಿಸುತ್ತಿದ್ದೆ. ಜನ ನಕ್ಕರೆ ಸಾಕು, ಯಾರನ್ನು ನೋಡಿ ನಕ್ಕರು ಎಂದು ಲೆಕ್ಕಿಸುತ್ತಿರಲಿಲ್ಲ. ಒಬ್ಬಿಬ್ಬರು ಮುಖ ಸಣ್ಣದು ಮಾಡಿಕೊಂಡರೆ ‘ತಮಾಷೆ ತಿಳಿಯದವರು’ ಎಂದು ಸುಮ್ಮನಾಗುತ್ತಿದ್ದೆ.

ತೀರಿಕೊಂಡವರು ಟಿವಿ ನಟ. ಎರಡು ಸಾವಿರದ ಇಸವಿಯ ಹಿಂದುಮುಂದು ವಾರಕ್ಕೊಮ್ಮೆ ಕನ್ನಡದಲ್ಲಿ ಒಂದು ಹಾಸ್ಯ ಧಾರಾವಾಹಿ ಬರುತ್ತಿತ್ತು. ಅದರಲ್ಲಿ ಅವರದು ಬೀಗರ ಪಾತ್ರ. ಮಗನಿಗೆ ಹೆಣ್ಣು ತಂದ ಮನೆಗೆ, ವಾರವಾರವೂ, ಸರಿಯಾಗಿ ತಾಟು ಹಾಕುವ ಹೊತ್ತಿಗೆ ಬಂದು ಇಳಿಯುವ ಬೀಗರು. ಬಾಗಿಲಲ್ಲಿ ಚಪ್ಪಲಿ ಬಿಡುತ್ತ, ಯಾರೂ ಕೇಳದಿದ್ದರೂ, ‘ನಂದ ಊಟ ಆಗೇತ್ರಿ’ ಎನ್ನುವುದು. ಒಂದು ಗಳಿಗೆ ಬಿಟ್ಟು, ಮೂಗನ್ನು ಅಡುಗೆಮನೆಯ ಕಡೆ ತಿರುಗಿಸಿ, ‘ಕೈ ತೊಳಕೊಳ್ಳಾಕ ನೀರ ಎಲ್ಲದಾವ?’ ಎನ್ನುವುದು. ಇಷ್ಟೇ. ಇದಕ್ಕೆ ಇಡೀ ನಾಡು ನಕ್ಕಿತು. ನಮ್ಮ ಶಾಲೆಯ ಹುಡುಗಿಯರು ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ಇದನ್ನೇ ಅನ್ನುತ್ತಿದ್ದರು, ಮದುವೆ ಮನೆಯಲ್ಲಿ ಪಂಕ್ತಿಗೆ ಕೂಡುವ ಮುದುಕರೂ ಇದನ್ನೇ ಅನ್ನುತ್ತಿದ್ದರು.

ತಮಾಷೆಯೆಂದರೆ ಆ ಮನುಷ್ಯ ಕಡ್ಡಿಯಂತಿದ್ದರು. ಶೂಟಿಂಗಿನಲ್ಲಿ ಅಂಗಿಯ ಒಳಗೆ ದಿಂಬು ಕಟ್ಟುತ್ತಿದ್ದರಂತೆ. ಖಾನಾಪುರದ ಹಂಚಿನ ಕಾರ್ಖಾನೆಯಲ್ಲಿ ಭಟ್ಟಿಯ ಉಸ್ತುವಾರಿ ಅವರ ಕೆಲಸ. ತಿಂಗಳಿಗೆ ಕೆಲವು ದಿನ ರಜೆ ಹಾಕಿ ಬೆಂಗಳೂರಿಗೆ ಹೋಗಿ ಬೀಗರಾಗಿ ಬರುತ್ತಿದ್ದರು. ಮನೆಯಲ್ಲಿ ಮರಾಠಿ, ಕಾರ್ಖಾನೆಯಲ್ಲಿ ಎರಡೂ, ರಂಗದ ಮೇಲೆ ಕನ್ನಡ. ಟಿವಿಗೆ ಹೋಗುವ ಹತ್ತು ವರ್ಷ ಮೊದಲು ಬೆಳಗಾವಿಯಲ್ಲಿ ನನ್ನ ಯಜಮಾನರೂ ಅವರೂ ಒಂದೇ ಹವ್ಯಾಸಿ ತಂಡದಲ್ಲಿದ್ದರು. ಒಂದು ನಾಟಕದಲ್ಲಿ ಅವರು ಮಗನನ್ನು ಕಳೆದುಕೊಂಡ ಅಪ್ಪನಾಗಿ, ಒಂದೂ ಮಾತಿಲ್ಲದೆ, ಮಗನ ಚಪ್ಪಲಿ ಒರೆಸುತ್ತ ಕೂತಿದ್ದರು. ನೋಡಲು ಬಂದ ನನ್ನ ಅತ್ತೆ ಸೆರಗು ಬಾಯಿಗೆ ಹಿಡಿದು ಅತ್ತಿದ್ದರು. ಆ ನಾಟಕ ನೋಡಿದವರು ಈಗ ಎಂಟು ಹತ್ತು ಜನ ಇದ್ದಾರೋ ಇಲ್ಲವೋ. ಅವರು ತೀರಿಕೊಂಡಾಗ ಪತ್ರಿಕೆಯವರು ದಪ್ಪ ಅಕ್ಷರದಲ್ಲಿ ಬರೆದದ್ದು ‘ಬೀಗರು ಇನ್ನಿಲ್ಲ’ ಎಂದು. ಅವರ ಹೆಸರು ಕೆಳಗೆ ಸಣ್ಣದಾಗಿ ಇತ್ತು.

ನಾವು ಜೈನರು. ಕೋಟೆಯ ಕಡೆ ಹೋಗುವ ರಸ್ತೆಯ ಒಂದು ಓಣಿಯಲ್ಲಿ ನಮ್ಮ ಮನೆ. ಹೊತ್ತು ಮುಳುಗಿದ ಮೇಲೆ ನಮ್ಮಲ್ಲಿ ಒಲೆಯ ಮುಂದೆ ಯಾರೂ ಕೂಡುವುದಿಲ್ಲ. ಐದೂವರೆಗೆ ತಾಟು ಬಿದ್ದರೆ ಆರೂಕಾಲಿಗೆ ಎಲ್ಲ ತೊಳೆದು ಬಳಿದು ಮುಗಿದಿರುತ್ತದೆ. ಊರೆಲ್ಲ ಚಹಾ ಕುಡಿಯುವ ಹೊತ್ತಿಗೆ ನಮ್ಮದು ರಾತ್ರಿಯ ಊಟ. ನಾನು ತವರಿನಲ್ಲೂ ಹೀಗೇ ಬೆಳೆದದ್ದರಿಂದ ಇದರಲ್ಲಿ ವಿಶೇಷವೇನೂ ಕಂಡಿರಲಿಲ್ಲ. ನಾಟಕದ ತಂಡದವರಿಗೆ ಮಾತ್ರ ಇದು ಭಾಳ ಅನುಕೂಲವಾಗಿತ್ತು. ತಾಲೀಮು ನಮ್ಮ ಪಡಸಾಲೆಯಲ್ಲೇ ನಡೆಯುತ್ತಿತ್ತು, ಆರೂವರೆಗೆ. ಖಾನಾಪುರದಿಂದ ಬರುವ ಈ ಮನುಷ್ಯ ಐದೂವರೆಗೇ ಬಸ್ಸಿಳಿದು ಬಂದುಬಿಡುತ್ತಿದ್ದರು, ಭಟ್ಟಿಯ ಕೆಂಪು ದೂಳು ಕಿವಿಯ ಸಂದಿಯಲ್ಲಿ ಹಾಗೇ ಇರುತ್ತಿತ್ತು. ನನ್ನನ್ನು ವೈನಿ ಎನ್ನುತ್ತಿದ್ದರು, ಮರಾಠಿಯಲ್ಲಿ ಅತ್ತಿಗೆ.

ನಮ್ಮ ಕಡೆ ಊಟಕ್ಕೆ ಕರೆದರೆ ಮೊದಲ ಸಲಕ್ಕೆ ಯಾರೂ ಹ್ಞೂಂ ಅನ್ನುವುದಿಲ್ಲ. ಅದು ಮರ್ಯಾದೆ. ಮೊದಲ ಸಲ ಕರೆಯುವುದು ಬಾಯಿಮಾತಿಗೆ, ಎರಡನೇ ಸಲ ಕರೆಯುವುದು ರೂಢಿಗೆ, ಮೂರನೇ ಸಲವೂ ಕರೆದರೆ ಮಾತ್ರ ಅದು ಖರೇ. ಆಗ ಬಂದವರು ‘ನೀವ ಇಷ್ಟ ಅಂತೀರಿ ಅಂದ್ರ’ ಎನ್ನುತ್ತ ಕೈ ತೊಳೆಯಲು ಏಳುತ್ತಾರೆ. ಹಸಿವೆಯಿಂದ ಕಣ್ಣು ಕತ್ತಲೆ ಬಂದಿದ್ದರೂ ಎರಡು ಸಲ ಒಲ್ಲೆ ಅನ್ನಲೇಬೇಕು. ಕರೆಯುವವರಿಗೂ ಇದು ಗೊತ್ತು. ಟಿವಿಯ ಬೀಗರನ್ನು ನೋಡಿ ಬೆಂಗಳೂರಿನವರು ಯಾಕೆ ನಕ್ಕರೋ ನಾನು ಅರಿಯೆ. ನಾವು ನಕ್ಕದ್ದು, ಆ ಮನುಷ್ಯ ಮೂರು ಸಲ ಕರೆಸಿಕೊಳ್ಳುವ ತಾಳ್ಮೆ ಇಲ್ಲದೆ ತಾನೇ ಒಲ್ಲೆ ಅಂದು ತಾನೇ ಏಳುತ್ತಾನಲ್ಲ, ಅದಕ್ಕೆ.

ನನ್ನ ಅತ್ತೆ ಈ ಕರೆಯುವುದರಲ್ಲಿ ಪಳಗಿದವರು.

‘ತಮ್ಮಾ, ಕುಂದರು.’

‘ಬ್ಯಾಡ್ರಿ ಆಯಿ, ಉಂಡ ಬಂದೀನಿ.’

‘ಎಲ್ಲಿ ಉಂಡೀ? ಬಸ್ಸಿನ್ಯಾಗ ಯಾರ ತಾಟ ಹಾಕಿದ್ರು ನಿನಗ? ಕುಂದರು.’

‘ಇಲ್ರಿ, ಖರೇನ ಆಗೇತಿ.’

‘ನಿನ್ನ ಮಾರಿ ಹೇಳತೈತಿ ಆಗಿಲ್ಲಂತ. ಏಳು, ಕೈ ತೊಳಕೋ.’

ಅವರು ನಗುತ್ತ ಏಳುತ್ತಿದ್ದರು. ಅತ್ತೆ ಪಕ್ಕದಲ್ಲಿ ಮಣೆಯ ಮೇಲೆ ಕೂತು, ಅವರು ಉಣ್ಣುವುದನ್ನೇ ನೋಡುತ್ತ, ತಾಟು ಖಾಲಿಯಾಗುವ ಮೊದಲೇ ಬಡಿಸುತ್ತಿದ್ದರು. ನಾನು ಆಗ ಹೊಸದಾಗಿ ಬಂದ ಸೊಸೆ. ಇಷ್ಟು ಕಡಿಮೆ ಉಣ್ಣುವ ಗಂಡಸಿಗೆ ಇಷ್ಟು ಒತ್ತಾಯ ಯಾಕೆ ಎಂದು ಒಳಗೆ ಗೊಣಗಿದ್ದೂ ಉಂಟು.

ಟಿವಿಯಲ್ಲಿ ಹೆಸರಾದ ಮೇಲೆ ಅವರ ಉಣ್ಣುವುದೇ ಒಂದು ಆಟವಾಯಿತು. ಮದುವೆಗೆ ಹೋದರೆ ಪಂಕ್ತಿಯಲ್ಲಿ ಅವರ ಮುಂದೆ ಜನ ಗುಂಪುಗೂಡುತ್ತಿದ್ದರು. ಬಡಿಸುವವರು ಬೇಕಂತಲೇ ಅನ್ನದ ಬುಟ್ಟಿಯನ್ನೇ ತಂದು ಅವರ ಮುಂದೆ ಇಟ್ಟು ‘ಬೀಗರ, ಸಾಕೇನ್ರಿ?’ ಎನ್ನುತ್ತಿದ್ದರು. ಹೋಟೆಲಿನಲ್ಲಿ ಕೂತರೆ ಗಲ್ಲಾಪೆಟ್ಟಿಗೆಯ ಮುಂದೆ ಕೂತವನೇ ‘ಕೈ ತೊಳಕೊಳ್ಳಾಕ ನೀರ ಅಲ್ಲದಾವ ನೋಡ್ರಿ’ ಎಂದು ಕೂಗುತ್ತಿದ್ದ. ಅವರು ಎಲ್ಲರಿಗೂ ನಗುತ್ತಿದ್ದರು, ಕೇಳಿದವರಿಗೆಲ್ಲ ಆ ಎರಡು ಮಾತು ಆಡಿ ತೋರಿಸುತ್ತಿದ್ದರು. ಆಮೇಲೆ ನಿಧಾನಕ್ಕೆ ಹೊರಗೆ ಉಣ್ಣುವುದನ್ನೇ ಬಿಟ್ಟರು. ಒಂದು ದಿನ ನನ್ನ ಯಜಮಾನರು ಬಂದು, ‘ಈಗ ಯಾರ ಮನ್ಯಾಗೂ ಉಣ್ಣಂಗಿಲ್ಲಂತ ಅವ. ಲಗ್ನಕ್ಕ ಹೋಗಬೇಕಾದ್ರೂ ಮನ್ಯಾಗ ಉಂಡಽ ಹೋಗತಾನಂತ,’ ಎಂದು ಬೇಸರದಿಂದ ಹೇಳಿದ್ದರು. ಅಂದರೆ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ.

ಅದು ಚಾತುರ್ಮಾಸದ ಒಂದು ಸಂಜೆ. ಬೆಳಗಾವಿಯ ಮಳೆ ಬೆಳಗಿನಿಂದ ಬಿಟ್ಟಿರಲಿಲ್ಲ. ಅತ್ತೆ ತೀರಿಕೊಂಡು ಎರಡು ವರ್ಷವಾಗಿತ್ತು, ಮನೆಯ ಒಲೆ, ಉಗ್ರಾಣ, ಬಂದವರನ್ನು ಕರೆಯುವುದು ಎಲ್ಲ ನನ್ನ ಪಾಲಿಗೆ ಬಂದಿತ್ತು. ಆವತ್ತು ನನ್ನ ತಂಗಿ ಗಂಡ ಮಕ್ಕಳೊಡನೆ ಬಂದಿದ್ದಳು, ಪಕ್ಕದ ಮನೆಯವರೂ ಇದ್ದರು. ಪಡಸಾಲೆಯಲ್ಲಿ ಎರಡು ಸಾಲು ತಾಟು. ನಾನು ಕೈಯಲ್ಲಿ ಸೌಟು ಹಿಡಿದು ಬಡಿಸುತ್ತಿದ್ದೆ, ಮಾತೂ ಬಡಿಸುತ್ತಿದ್ದೆ. ತಂಗಿಯ ಗಂಡ ನಕ್ಕು ನಕ್ಕು ನೀರು ಕುಡಿಯುತ್ತಿದ್ದರು. ಅಂಥ ಹೊತ್ತಿನಲ್ಲಿ ನನಗೆ ಲಂಗು ಲಗಾಮು ಇರುವುದಿಲ್ಲ.

ಆಗ ಬಾಗಿಲಲ್ಲಿ ಅವರು ನಿಂತರು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಕೈಚೀಲ, ಕಂಕುಳಲ್ಲಿ ಪ್ಲಾಸ್ಟಿಕ್ ಹಾಳೆ ಸುತ್ತಿದ ಆಸ್ಪತ್ರೆಯ ಕಾಗದಗಳು. ಸಕ್ಕರೆ ಕಾಯಿಲೆ ಅಂಟಿಕೊಂಡಿದೆ, ತಪಾಸಣೆಗೆ ನೆಹರು ನಗರದ ಆಸ್ಪತ್ರೆಗೆ ಬರುತ್ತಿರುತ್ತಾರೆ ಎಂದು ಯಜಮಾನರು ಹೇಳಿದ್ದರು. ಮೊದಲಿಗಿಂತಲೂ ಇಳಿದಿದ್ದರು. ಇದೆಲ್ಲ ನನಗೆ ಕಂಡಿತು. ಒಂದು ಕಾಲಿನ ಚಪ್ಪಲಿ ಬಿಟ್ಟಿದ್ದರು, ಇನ್ನೊಂದನ್ನು ಬಿಡುತ್ತಿದ್ದರು, ನಾನು ಕೂಗಿದೆ:

‘ಬರ್ರಿ ಬೀಗರ, ಬರ್ರಿ! ಲೋಕ ಎಲ್ಲಾ ಚಹಾ ಕುಡಿಯೂ ಹೊತ್ತಿನ್ಯಾಗೂ ತಾಟ ಹುಡಿಕ್ಕೊಂಡ ಬಂದ್ರೆಲ್ಲಾ! ನಿಮ್ಮ ಮೂಗಿಗೆ ಶರಣ್ರಿ!’

ಪಡಸಾಲೆ ಹೋ ಎಂದಿತು. ಮಕ್ಕಳು ‘ಬೀಗರು, ಬೀಗರು’ ಎಂದು ತಾಟು ಬಿಟ್ಟು ಎದ್ದರು. ಅವರ ಮುಖದಲ್ಲಿ ಒಂದು ಕ್ಷಣ ಏನೂ ಇರಲಿಲ್ಲ. ಆಮೇಲೆ ನೋಡನೋಡುತ್ತ ಬೆನ್ನು ಬಾಗಿತು, ಇಲ್ಲದ ಹೊಟ್ಟೆ ಮುಂದಕ್ಕೆ ಬಂತು, ಕಣ್ಣು ಅಡುಗೆಮನೆಯ ಕಡೆ ಹೊರಳಿದವು. ‘ನಂದ ಊಟ ಆಗೇತ್ರಿ,’ ಎಂದರು. ನಿಂತರು. ಎಷ್ಟು ನಿಲ್ಲಬೇಕೋ ಅಷ್ಟೇ ನಿಂತರು. ‘ಕೈ ತೊಳಕೊಳ್ಳಾಕ ನೀರ ಎಲ್ಲದಾವ?’ ಎಂದು ಬಚ್ಚಲಿನ ಕಡೆ ಹೆಜ್ಜೆ ಹಾಕಿದರು. ಮಕ್ಕಳು ಅವರ ಹಿಂದೆಯೇ ಓಡಿದರು. ಟಿವಿಯಲ್ಲಿ ಕಂಡದ್ದು ನಮ್ಮ ಮನೆಯ ನೆಲದ ಮೇಲೆ ನಡೆದುಹೋಗುತ್ತಿತ್ತು, ಅದನ್ನು ಮಾಡಿಸಿದವಳು ನಾನು ಎಂದು ನನಗೆ ಹೆಮ್ಮೆ.

ಬಚ್ಚಲಲ್ಲಿ ಅವರು ಕೈ ತೊಳೆದದ್ದು ಮಾತ್ರ ಆಟವಾಗಿರಲಿಲ್ಲ. ಮೊಳಕೈವರೆಗೂ ನೀರು ಹಾಕಿಕೊಂಡು, ಮುಖ ತೊಳೆದು, ಕರವಸ್ತ್ರದಿಂದ ಒರೆಸಿಕೊಳ್ಳುತ್ತ ಬಂದರು. ಬಂದು ಸಾಲಿನ ಕೊನೆಯಲ್ಲಿ, ಅತ್ತೆಯ ಕಾಲದಲ್ಲಿ ತಾವು ಕೂಡುತ್ತಿದ್ದ ಕಂಬದ ಹತ್ತಿರ ನಿಂತರು.

‘ಕುಂದರ್ರಿ ಅಣ್ಣಾರ, ತಾಟ ಹಾಕತೀನಿ,’ ಎಂದೆ.

‘ಬ್ಯಾಡ್ರಿ ವೈನಿ, ಊಟ ಆಗೇತಿ.’

ಮತ್ತೆ ಹೋ ಎಂದರು ಎಲ್ಲ. ಇದು ಆಟದ ಮಾತಲ್ಲ, ಮರ್ಯಾದೆಯ ಮಾತು. ಆದರೆ ಎರಡೂ ಒಂದೇ ಆಗಿಹೋಗಿದ್ದವು. ಅವರು ಇನ್ನು ಹೇಗೆ ಬೇರೆ ಥರ ಹೇಳಬೇಕಿತ್ತು?

‘ಖರೇನ ಆಗೇತೇನ್ರಿ?’ ಎಂದೆ, ನಗುತ್ತಲೇ, ಸೌಟನ್ನು ಅವರ ಮುಂದೆ ಆಡಿಸುತ್ತ.

‘ಖರೇನ ಆಗೇತ್ರಿ ವೈನಿ.’

ತಂಗಿಗೆ ಅನ್ನ ನೆತ್ತಿಗೇರಿತು. ಅವಳ ತಲೆ ತಟ್ಟುತ್ತ, ಕಣ್ಣೀರು ಬರುವ ಹಾಗೆ ನಗುತ್ತ, ನಾನು ಮೂರನೇ ಸಲ ಕರೆಯಲಿಲ್ಲ. ಮರೆತೆ ಎಂದು ಬರೆದರೆ ಸುಳ್ಳಾಗುತ್ತದೆ. ಆ ನಗೆ ಅಲ್ಲಿಗೆ ಮುಗಿದರೆ ಚೆಂದ ಅನ್ನಿಸಿತ್ತು. ಮೂರನೇ ಸಲ ಕರೆದರೆ ಅವರು ಕೂತು ಉಣ್ಣುತ್ತಿದ್ದರು, ಆಟ ಸಪ್ಪೆಯಾಗುತ್ತಿತ್ತು.

ಅವರು ಕೈಚೀಲದಿಂದ ಒಂದು ಚಿಪ್ಪು ಹಸಿ ಬಾಳೆಕಾಯಿ ತೆಗೆದು ಕಂಬದ ಬುಡದಲ್ಲಿ ಇಟ್ಟರು. ‘ಹಿತ್ತಲದಾಗಿನವು. ಚಾತುರ್ಮಾಸ ಐತಲ್ಲರಿ, ಅದಕ್ಕ ಸೊಪ್ಪ ತರಲಿಲ್ಲ,’ ಎಂದರು. ಮಕ್ಕಳಿಗೆ ಇನ್ನೊಮ್ಮೆ ಹೊಟ್ಟೆ ಸವರಿ ತೋರಿಸಿ ಚಪ್ಪಲಿ ಮೆಟ್ಟಿದರು. ಯಜಮಾನರು ತಾಟಿನಿಂದ ಎದ್ದು ಓಣಿಯ ಮೂಲೆಯವರೆಗೆ ಹೋಗಿ ಬಂದರು. ಬಂದವರು ನನ್ನ ಮುಖ ನೋಡದೆ, ‘ಇನ್ನೊಂದ ಸಲ ಅನ್ನಬೇಕಿತ್ತು ನೀ,’ ಎಂದರು.

‘ನೀವ ಅನ್ನಬೇಕಿತ್ತು! ನಿಮಗ ಬಾಯಿ ಇರಲಿಲ್ಲೇನ?’ ಎಂದು ನಾನು ಹರಿಹಾಯ್ದೆ. ಅವರು ಉಂಡು ಮುಗಿಸದೆ ಕೈ ತೊಳೆದುಬಿಟ್ಟರು. ನೆಂಟರ ಮುಂದೆ ಹೀಗೆ ಮಾಡಿದರಲ್ಲ ಎಂದು ನನಗೆ ಎರಡು ದಿನ ಸಿಟ್ಟಿತ್ತು, ಅವರ ಮೇಲೆ.

ಆಮೇಲೆ ನನಗೆ ನಾನೇ ಒಂದು ಸಮಾಧಾನ ಕಟ್ಟಿಕೊಂಡೆ. ಐದೂವರೆಗೆ ಯಾರಾದರೂ ಊಟಕ್ಕೆ ಬರುತ್ತಾರೆಯೇ? ತಾಲೀಮಿನ ಕಾಲ ಹೋಗಿ ಹತ್ತು ವರ್ಷವಾಯಿತು, ನಮ್ಮ ಊಟದ ಹೊತ್ತು ಅವರಿಗೆ ನೆನಪಿರಲಿಕ್ಕಿಲ್ಲ. ಉಣ್ಣುವ ಹೊತ್ತು ತಪ್ಪಿಸಿ ಬರಬೇಕೆಂದೇ ಆ ಹೊತ್ತಿಗೆ ಬಂದು, ಪಾಪ, ತಾಟಿನ ಸಾಲಿಗೇ ಬಂದು ಬಿದ್ದರು. ಬಾಳೆಕಾಯಿ ಕೊಟ್ಟು ಹೋಗಲು ಬಂದವರು, ಕೊಟ್ಟು ಹೋದರು. ಈ ಸಮಾಧಾನ ನನಗೆ ಚೆನ್ನಾಗಿಯೇ ಒಗ್ಗಿತು. ಚಾತುರ್ಮಾಸದಲ್ಲಿ ನಾವು ಸೊಪ್ಪು ತಿನ್ನುವುದಿಲ್ಲ ಎಂಬುದನ್ನು ನೆನಪಿಟ್ಟ ಮನುಷ್ಯ ಊಟದ ಹೊತ್ತನ್ನು ಹೇಗೆ ಮರೆತಾರು ಎಂಬ ಸಣ್ಣ ವಿಚಾರ ನನ್ನ ತಲೆಗೆ ಬರಲೇ ಇಲ್ಲ. ಬರಲು ನಾನು ಬಿಡಲಿಲ್ಲ ಎನ್ನುವುದೇ ಸರಿ. ಆ ಬಾಳೆಕಾಯಿಯ ಪಲ್ಯ ಮಾಡಿ ಮರುದಿನ ಎಲ್ಲರೂ ತಿಂದೆವು.

ಅದಕ್ಕಿಂತ ಕೀಳು ಕೆಲಸವೆಂದರೆ ಆ ಸಂಜೆಯನ್ನು ನಾನು ಕಥೆ ಮಾಡಿಕೊಂಡದ್ದು. ಟೀಚರ್ಸ್ ರೂಮಿನಲ್ಲಿ ಹೇಳಿದೆ. ನಾದಿನಿಯ ಮನೆಯ ಕುಬಸದ ಕಾರ್ಯದಲ್ಲಿ ಹೇಳಿದೆ. ಹೇಳುತ್ತ ಹೇಳುತ್ತ ಅದು ಮಟ್ಟಸವಾಯಿತು: ಮಳೆ, ಬಾಗಿಲು, ನನ್ನ ಮಾತು, ಅವರ ಮಾತು, ಬಚ್ಚಲು, ಚಪ್ಪಾಳೆ. ಬಚ್ಚಲಿಗೆ ಹೋಗಿ ಕೈ ತೊಳೆಯುವಲ್ಲಿಗೆ ಕಥೆ ನಿಲ್ಲಿಸುತ್ತಿದ್ದೆ. ಅದರ ಮುಂದಿನದಕ್ಕೆ ಯಾರೂ ನಗುವುದಿಲ್ಲ ಎಂದು ನನಗೆ ತಿಳಿದಿತ್ತು. ಕೇಳಿದವರೆಲ್ಲ ‘ಅಷ್ಟ ದೊಡ್ಡ ನಟ ನಿಮ್ಮ ಮನಿಗೇ ಬಂದ ಮಾಡಿ ತೋರಿಸಿದ್ರೇನ!’ ಎನ್ನುತ್ತಿದ್ದರು. ನಾನು ‘ಮತ್ತ! ನಮ್ಮ ಮನಿ ಮನಶ್ಯಾ ಇದ್ಧಾಂಗ’ ಎನ್ನುತ್ತಿದ್ದೆ. ಆ ಮನೆಯ ಮನುಷ್ಯ ಆ ಸಂಜೆಯ ಮೇಲೆ ನಮ್ಮ ಮನೆಗೆ ಬರಲೇ ಇಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಒಮ್ಮೆ ಸಿಕ್ಕಾಗ ಎಂದಿನ ಹಾಗೆ ನಗುತ್ತ ಮಾತಾಡಿದರು, ಮಕ್ಕಳ ಅಭ್ಯಾಸ ಕೇಳಿದರು. ಅವರ ಮನಸ್ಸಿನಲ್ಲಿ ಏನೂ ಇಲ್ಲ ಎಂದು ಅದನ್ನೂ ನನ್ನ ಲಾಭಕ್ಕೇ ತೆಗೆದುಕೊಂಡೆ.

ಎರಡು ವರ್ಷದ ಮೇಲೆ ಧಾರಾವಾಹಿ ನಿಂತಿತು, ಅವರೂ ಹೋದರು. ಹೃದಯ ನಿಂತಿತಂತೆ, ಕಾರ್ಖಾನೆಯಲ್ಲೇ. ಹದಿಮೂರು ದಿನ ಕಳೆದ ಮೇಲೆ ಖಾನಾಪುರದವರು ಸಂತಾಪ ಸಭೆ ಇಟ್ಟರು. ಹಳೆಯ ತಂಡದ ಪರವಾಗಿ ಯಜಮಾನರು ಮಾತಾಡಬೇಕಿತ್ತು. ಅವರು ‘ನನಗ ಆಗಂಗಿಲ್ಲ’ ಎಂದರು. ಸಂಘಟಕರು ನನ್ನ ಕಡೆ ತಿರುಗಿದರು. ನಾನು ಒಂದು ಸಲ ಮಾತ್ರ ಒಲ್ಲೆ ಅಂದೆ.

ಎದ್ದು ನಿಂತಾಗ ಮಗನ ಚಪ್ಪಲಿ ಒರೆಸುವ ಆ ಅಪ್ಪನ ಬಗ್ಗೆ ಮಾತಾಡಬೇಕೆಂದೇ ಇದ್ದೆ, ಪುಣ್ಯಕ್ಕೆ ಅಷ್ಟು ಬುದ್ಧಿ ಇತ್ತು. ಎರಡು ವಾಕ್ಯ ಆಡಿದೆ. ಸಭೆ ಸಪ್ಪಗೆ ಕೂತಿತ್ತು, ಹಿಂದಿನ ಸಾಲಿನಲ್ಲಿ ಯಾರೋ ಆಕಳಿಸಿದರು. ಆ ಒಂದು ಆಕಳಿಕೆಯನ್ನು ತಡೆದುಕೊಳ್ಳುವುದು ನನ್ನಿಂದ ಆಗಲಿಲ್ಲ. ‘ಒಂದ ಸಂಜಿ ಇವರು ನಮ್ಮ ಮನಿಗೆ ಬಂದಿದ್ರು…’ ಎಂದು ಶುರು ಮಾಡಿಬಿಟ್ಟೆ. ಆಮೇಲಿನದು ಮೊದಲೇ ಹೇಳಿದ್ದೇನೆ. ಮುಂದಿನ ಸಾಲಿನಲ್ಲಿ ಅವರ ಹೆಂಡತಿ ತಲೆಯ ಮೇಲೆ ಸೆರಗು ಹೊದ್ದು ಕೂತಿದ್ದರು. ನಾನು ಅವರನ್ನು ಅದಕ್ಕೂ ಮೊದಲು ಮಾತಾಡಿಸಿದವಳಲ್ಲ. ಎಲ್ಲರೂ ನಗುವಾಗ ಆಕೆಯ ಮುಖದಲ್ಲಿಯೂ ಸಣ್ಣ ನಗೆ ಬಂತು. ಅದನ್ನು ನೋಡಿ ನನಗೆ ಧೈರ್ಯವೇ ಬಂತು. ಯಜಮಾನರು ಮಾತ್ರ ತಮ್ಮ ಕೈಗಳನ್ನು ನೋಡುತ್ತ ಕೂತಿದ್ದರು.

ಸಭೆ ಮುಗಿದಾಗ ಐದು ದಾಟಿತ್ತು. ನಾವು ಬಸ್ಸಿಗೆ ಹೊರಟಿದ್ದೆವು, ಆಕೆ ಬಂದು ನನ್ನ ಕೈ ಹಿಡಿದರು. ‘ಮನಿಗಿ ಬಂದಽ ಹೋಗಬೇಕ್ರಿ ವೈನಿ,’ ಎಂದರು. ಅವರ ಗಂಡ ಕರೆಯುತ್ತಿದ್ದ ಹಾಗೆಯೇ, ವೈನಿ. ಮನೆ ಹತ್ತಿರವೇ ಇತ್ತು, ಎರಡು ಕೋಣೆ, ಹಂಚಿನ ಮಾಡು. ಕೂಡುವ ಮೊದಲೇ ತಾಟು ಬಂದವು. ನಾವು ಗಾಬರಿಯಾಗಿ ಬೇಡ ಬೇಡ ಎನ್ನುತ್ತಿರುವಾಗ ಆಕೆ, ‘ಹೊತ್ತ ಮುಣಗೂ ಮೊದಲಽ ಉಣ್ಣವರು ನೀವು. ಬೆಳಗಾವಿಗೆ ಹೋಗಿ ಮುಟ್ಟೂದರಾಗ ಕತ್ತಲಾಗತೈತಿ, ಉಪಾಸ ಬೀಳತೀರಿ. ಉಳ್ಳಾಗಡ್ಡಿ ಬಳ್ಳೊಳ್ಳಿ ಹಾಕಿಲ್ಲ, ಬಟಾಟಿನೂ ಇಲ್ಲ. ಬೆಳಿಗ್ಗೇನ ಬ್ಯಾರೆ ಮಾಡಿಟ್ಟೀನಿ,’ ಎಂದರು.

‘ಇದೆಲ್ಲಾ ನಿಮಗ ಹೆಂಗ ಗೊತ್ತು?’ ಎಂದರು ನನ್ನ ಯಜಮಾನರು.

‘ಅವ್ರಽ ಹೇಳತಿದ್ರಲ್ಲರಿ. ನಿಮ್ಮ ಮನಿ ಊಟದ ಮಾತ ಎಷ್ಟ ಸಲ ಹೇಳ್ಯಾರಂತೀರಿ.’ ಆಕೆ ನನ್ನ ಎದುರಿಗೆ ಕೂತರು. ‘ಕಡೀಕಡೀಗೆ ಎಲ್ಲೂ ಉಣ್ಣತಿದ್ದಿಲ್ಲರಿ ಅವ್ರು. ದವಾಖಾನಿಗೆ ಹೋದ್ರ ನಾನಽ ಬುತ್ತಿ ಕಟ್ಟತಿದ್ದೆ. ಆವತ್ತ ಮಳಿ ದಿನ, ಬುತ್ತಿ ಕಟ್ಟಾಕ ಹೋದ್ರ ಬ್ಯಾಡ ಅಂದ್ರು. ಸಂಜೀಮುಂದ ವೈನಿ ಮನ್ಯಾಗ ಉಂಡ ಬರತೀನಿ, ಅಲ್ಲಿ ಐದೂವರಿಗೇ ತಾಟ ಹಾಕತಾರ, ಅಲ್ಲಿ ನನ್ನ ಯಾರೂ ಬೀಗ ಅನ್ನಂಗಿಲ್ಲ ಅಂದ್ರು. ಸಭಾದಾಗ ಹೇಳಿದ್ರಲ್ಲ ನೀವು ಈಗ, ಆ ದಿನಾನಽ ಅದು.’

ಆಕೆ ಯಜಮಾನರ ತಾಟಿಗೆ ಪಲ್ಯ ಬಡಿಸಿ, ಹೇಳುತ್ತಲೇ ಹೋದರು.

‘ಬಂದ ಮ್ಯಾಲ ನಾ ತಾಟ ಹಾಕಾಕ ಹೋದ್ನಿ. ಬ್ಯಾಡ, ವೈನಿ ಹೊಟ್ಟಿ ತುಂಬ ಉಣ್ಣಿಸ್ಯಾರ, ಒಂದ ತುತ್ತೂ ಇಳಿಯಂಗಿಲ್ಲ ಅಂದ್ರು. ಗುಳಗಿ ಅಷ್ಟ ತಗೊಂಡ್ರು. ಆಮ್ಯಾಲ ಯಾಕೋ ಮೈ ನಡಗಾಕ ಹತ್ತಿತು, ಬೆವರು ಬಂತು. ಮಳ್ಯಾಗ ತೊಯ್ದಾರ ಅಂತ ಕಂಬಳಿ ಹೊಚ್ಚಿ ಸಕ್ರಿ ಇಲ್ಲದ ಚಹಾ ಕೊಟ್ಟ ಮಲಗಿಸಿದ್ನಿ. ಇರಲಿ, ಹೊಟ್ಟಿ ತುಂಬೇತಲ್ಲ ಅಂತ ನನಗೂ ಸಮಾಧಾನ.’

ನನ್ನ ಅತ್ತೆಗೂ ಸಕ್ಕರೆ ಕಾಯಿಲೆ ಇತ್ತು. ಖಾಲಿ ಹೊಟ್ಟೆಯಲ್ಲಿ ಗುಳಿಗೆ ನುಂಗಿದರೆ ಮೈ ನಡುಗುವುದು, ಬೆವರುವುದು ನಾನು ಕಣ್ಣಾರೆ ಕಂಡದ್ದು. ಬೆಳಗಿನಿಂದ ಆಸ್ಪತ್ರೆಯಲ್ಲಿ ಕಾದು, ನಮ್ಮ ಮನೆಗೆ ಬಂದು, ಮೊಳಕೈವರೆಗೂ ಕೈ ತೊಳೆದುಕೊಂಡು, ಕಂಬದ ಹತ್ತಿರ ನಿಂತು, ಎರಡು ಸಲ ಒಲ್ಲೆ ಅಂದು, ಆ ಮನುಷ್ಯ ಬಸ್ಸು ಹತ್ತಿದ್ದರು. ನಮ್ಮ ಮನೆಯ ಮರ್ಯಾದೆ ಹೋಗಬಾರದೆಂದು ತಮ್ಮ ಮನೆಯಲ್ಲೂ ಉಪವಾಸ ಮಲಗಿದ್ದರು. ಹೆಂಡತಿಗೂ ಖರೇ ಹೇಳಿರಲಿಲ್ಲ. ನನಗೆ ಎಷ್ಟು ನಾಚಿಕೆಯಾಯಿತೆಂದರೆ, ಯಾರಾದರೂ ಎದ್ದು ನನ್ನ ಕೆನ್ನೆಗೆ ಬಾರಿಸಲಿ ಅನ್ನಿಸಿತು. ಯಜಮಾನರು ತಲೆ ಎತ್ತಿ ನನ್ನನ್ನು ನೋಡಿದರು. ಹೇಳು ಎನ್ನುವ ನೋಟವೋ, ಹೇಳಬೇಡ ಎನ್ನುವ ನೋಟವೋ, ನನಗೆ ಈಗಲೂ ತಿಳಿದಿಲ್ಲ.

‘ಆವತ್ತ ಏನ ಅಡಗಿ ಮಾಡಿದ್ರಿ ವೈನಿ?’ ಎಂದು ಆಕೆ ಕೇಳಿದರು. ‘ನಾ ಕೇಳಿದ್ನಿ, ಅವ್ರು ಸುಮ್ಮನ ನಕ್ಕ ಬಿಟ್ರು, ಹೇಳಲೇ ಇಲ್ಲ.’

ಆಕೆ ಸುಮ್ಮನೆ ಕೇಳುತ್ತಿರಲಿಲ್ಲ. ಗಂಡ ಹೊರಗೆ ಮರ್ಯಾದೆಯಿಂದ ಉಂಡ ಕೊನೆಯ ಊಟ ಯಾವುದು ಎಂದು ತಿಳಿದುಕೊಂಡು ಇಟ್ಟುಕೊಳ್ಳಬೇಕಿತ್ತು ಆಕೆಗೆ. ಖರೇ ಹೇಳಿದ್ದರೆ ನನ್ನ ಭಾರ ಇಳಿಯುತ್ತಿತ್ತು, ಆಕೆಯ ಹತ್ತಿರ ಉಳಿದದ್ದು ಹೋಗುತ್ತಿತ್ತು. ಹಾಗೆಂದು ಆಕೆಗೋಸ್ಕರವೇ ಸುಳ್ಳು ಹೇಳಿದೆ ಎನ್ನಲಾರೆ. ನನಗೆ ಹೆದರಿಕೆಯೂ ಆಗಿತ್ತು.

‘ಚಪಾತಿ ಮಾಡಿದ್ದೆ,’ ಎಂದೆ. ‘ಹೆಸರಕಾಳ ಪಲ್ಯ. ಹೀರೀಕಾಯಿ. ತೊವ್ವಿ, ಅನ್ನ, ಮಜ್ಜಿಗಿ.’

‘ಹೆಸರಕಾಳಂದ್ರ ಅವ್ರಿಗೆ ಜೀಂವಾ,’ ಎಂದು ಆಕೆ ಸೆರಗಿನಿಂದ ಕಣ್ಣು ಒರೆಸಿಕೊಂಡರು. ‘ಎಷ್ಟ ಚಪಾತಿ ತಿಂದ್ರು?’

‘ಮೂರು,’ ಎಂದೆ. ‘ನಾಕನೇದು ಹಾಕಾಕ ಹೋದ್ರ ಕೈ ಅಡ್ಡ ಹಿಡದ್ರು.’

ಆಕೆ ಆವತ್ತು ಮೊದಲ ಸಲ ಬಾಯಿ ತುಂಬ ನಕ್ಕರು, ನಕ್ಕು, ನನ್ನ ತಾಟಿಗೆ ಇನ್ನೊಂದು ಚಪಾತಿ ಹಾಕಿದರು.